ಚಂದ್ರವೀಕ್ಷಕ ಯೋಹಾನ್ ಹಿರೋನಿಮಸ್ ಶ್ರೋಟರ್ (1745–1816)

ಸಂಕ್ಷಿಪ್ತ ವಿವರ

ಜನನ: 30ನೇ ಆಗಸ್ಟ್ 1745, ಎರ್ಫರ್ಟ್, ಜರ್ಮನಿ
ನಿಧನ: 29ನೇ ಆಗಸ್ಟ್ 1816, ಲಿಲಿಯೆಂಟಾಲ್, ಜರ್ಮನಿ
ವೃತ್ತಿ: ಜಿಲ್ಲಾ ಆಡಳಿತಾಧಿಕಾರಿ ಮತ್ತು ದಂಡಾಧಿಕಾರಿ
ಹವ್ಯಾಸ: ದೂರದರ್ಶಕದ ಮೂಲಕ ಚಂದ್ರ ಮತ್ತು ಗ್ರಹಗಳ ವೀಕ್ಷಣೆ
ಪ್ರಮುಖ ಕೃತಿ: ಸೆಲೆನೋಟೊಪೊಗ್ರಾಫಿಶೆ ಫ್ರಾಗ್ಮೆಂಟೆ (1ನೇ ಸಂಪುಟ 1791, 2ನೇ ಸಂಪುಟ 1802)

ಪೀಠಿಕೆ

ಬರಿಗಣ್ಣಿಗೆ ಮೊಲದ ಆಕಾರದಂತೆ ತೋರುವ ಚಂದ್ರನ ಕಲೆಗಳು ವಾಸ್ತವವಾಗಿ ಪುರಾತನ ಲಾವಾರಸ ಹರಿದು ಹೆಪ್ಪುಗಟ್ಟಿದ ವಿಶಾಲ ಬಯಲುಗಳು. ಚಿಕ್ಕ ದೂರದರ್ಶಕದಲ್ಲಿ ನೋಡಿದಾಗ ಇವುಗಳ ಜೊತೆಗೆ ಸಾವಿರಾರು ಕುಳಿಗಳೂ ಪರ್ವತ ಶ್ರೇಣಿಗಳೂ ಗೋಚರಿಸುತ್ತವೆ. ಆದರೆ ಅದೇ ಬಯಲುಗಳಲ್ಲಿ ಕೂದಲೆಳೆಯಂತಹ ಕೊರಕಲುಗಳು, ತಗ್ಗಾದ ಗುಮ್ಮಟಗಳು, ಸುಕ್ಕಿನಂತಹ ಏಣುಗಳು ಇವೆ. ಇವು ಸೂರ್ಯನ ಬೆಳಕು ಓರೆಯಾಗಿ ಬೀಳುವ ಕೆಲವೇ ಗಂಟೆಗಳ ಕಾಲ ಸ್ಪಷ್ಟವಾಗಿ ಕಾಣಿಸಿಕೊಂಡು ನಂತರ ಪ್ರಖರ ಬೆಳಕಿನಲ್ಲಿ ಕರಗಿಹೋಗುತ್ತವೆ. ಇಂತಹ ಮಸುಕಾದ ಲಕ್ಷಣಗಳನ್ನು ವರ್ಷಗಟ್ಟಲೆ ಕ್ರಮಬದ್ಧವಾಗಿ ಹುಡುಕಿ, ಅಳೆದು, ಚಿತ್ರಿಸಿ, ದಾಖಲಿಸಿದವರಲ್ಲಿ ಮೊದಲಿಗರೆಂದು ಶ್ರೋಟರ್ ಅವರನ್ನು ಪರಿಗಣಿಸಲಾಗಿದೆ.

ಶ್ರೋಟರ್ ಅವರು ವೃತ್ತಿಯಿಂದ ಖಗೋಳಶಾಸ್ತ್ರಜ್ಞರಾಗಿರಲಿಲ್ಲ. ಹಗಲಿನಲ್ಲಿ ಸರ್ಕಾರಿ ಕಚೇರಿಯ ಕಡತಗಳನ್ನು ವಿಲೇವಾರಿ ಮಾಡಿ, ರಾತ್ರಿಯ ವೇಳೆ ತೋಟದಲ್ಲಿ ಸ್ಥಾಪಿಸಿದ್ದ ದೂರದರ್ಶಕದ ಮುಂದೆ ಕುಳಿತ ಹವ್ಯಾಸಿ ಅವರು. ಅವರ ಜೀವನ, ಸಾಧನೆ ಹಾಗೂ ಅವರ ದಾಖಲೆಗಳಿಗೆ ಒದಗಿದ ಆಪತ್ತಿನ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಶ್ರೋಟರ್ ಅವರು ಜರ್ಮನಿಯ ಎರ್ಫರ್ಟ್ ನಗರದಲ್ಲಿ ವಕೀಲರೊಬ್ಬರ ಮಗನಾಗಿ ಜನಿಸಿದರು. ಗೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಾನೂನು ವ್ಯಾಸಂಗ ಮಾಡಿದರು. ಅಲ್ಲಿಯೇ ಗಣಿತಜ್ಞ ಅಬ್ರಹಾಂ ಕೆಸ್ಟ್ನರ್ ಅವರ ಉಪನ್ಯಾಸಗಳನ್ನು ಕೇಳಿ ಖಗೋಳ ವಿಜ್ಞಾನದತ್ತ ಆಕರ್ಷಿತರಾದರು. ಚಂದ್ರನ ನಿಖರ ನಕ್ಷೆಯನ್ನು ಸಿದ್ಧಪಡಿಸಿದ ಟೋಬಿಯಾಸ್ ಮೇಯರ್ ಅವರು 1762ರಲ್ಲಿ ನಿಧನರಾಗುವವರೆಗೂ ಇದೇ ಗೋಟಿಂಗೆನ್‌ನಲ್ಲಿ ಸೇವೆ ಸಲ್ಲಿಸಿದ್ದರು. ಅವರ ನಕ್ಷೆ ಮರಣಾನಂತರ 1775ರಲ್ಲಿ ಪ್ರಕಟವಾಯಿತು. ಮುಂದೆ ಶ್ರೋಟರ್ ಅವರು ತಮ್ಮ ಗ್ರಂಥದಲ್ಲಿ ಈ ನಕ್ಷೆಯನ್ನು ಅಳವಡಿಸಿಕೊಂಡರು.

ಸರ್ಕಾರಿ ಸೇವೆ

ವ್ಯಾಸಂಗದ ನಂತರ ಕಾನೂನು ಮತ್ತು ಆಡಳಿತ ಕ್ಷೇತ್ರದಲ್ಲಿ ತೊಡಗಿಕೊಂಡ ಶ್ರೋಟರ್ ಅವರು 1777ರಲ್ಲಿ ಹ್ಯಾನೋವರ್ ನಗರದ ರಾಜ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ನೇಮಕಗೊಂಡರು. ಆ ಕಾಲದಲ್ಲಿ ಹ್ಯಾನೋವರ್ ಪ್ರಾಂತ್ಯವು ಬ್ರಿಟನ್ನಿನ ದೊರೆ ಮೂರನೇ ಜಾರ್ಜ್ ಅವರ ಆಳ್ವಿಕೆಗೆ ಒಳಪಟ್ಟಿತ್ತು. ಸಂಗೀತ ಪ್ರಿಯರಾಗಿದ್ದ ಶ್ರೋಟರ್ ಅವರಿಗೆ ಅಲ್ಲಿನ ಹರ್ಷೆಲ್ ಮನೆತನದ ಪರಿಚಯವಾಯಿತು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಹರ್ಷೆಲ್ ಅವರು ಇದೇ ಮನೆತನಕ್ಕೆ ಸೇರಿದವರು. ಈ ಒಡನಾಟದಿಂದ ಖಗೋಳಾಸಕ್ತಿ ಮತ್ತೆ ಚಿಗುರಿತು. 1779ರಲ್ಲಿ ಸುಮಾರು 3 ಅಡಿ ನಾಭಿದೂರದ ಒಂದು ಮಸೂರ ದೂರದರ್ಶಕವನ್ನು ಪಡೆದು ಸೂರ್ಯ, ಚಂದ್ರ ಹಾಗೂ ಶುಕ್ರ ಗ್ರಹಗಳ ವೀಕ್ಷಣೆಯನ್ನು ಆರಂಭಿಸಿದರು.

1781ರ ಮಾರ್ಚ್ 13ರಂದು ವಿಲಿಯಂ ಹರ್ಷೆಲ್ ಅವರು ತಾವೇ ತಯಾರಿಸಿದ ದೂರದರ್ಶಕದ ಮೂಲಕ ಯುರೇನಸ್ ಗ್ರಹವನ್ನು ಕಂಡುಹಿಡಿದರು. ಹವ್ಯಾಸಿಯೊಬ್ಬರ ಈ ಸಾಧನೆ ಶ್ರೋಟರ್ ಅವರ ಜೀವನದ ದಿಕ್ಕನ್ನೇ ಬದಲಿಸಿತು. ಅವರು ಹ್ಯಾನೋವರ್‌ನ ಹುದ್ದೆಯನ್ನು ತೊರೆದು, ಬ್ರೆಮೆನ್ ನಗರಕ್ಕೆ ಸಮೀಪವಿರುವ ಲಿಲಿಯೆಂಟಾಲ್ ಎಂಬ ಚಿಕ್ಕ ಊರಿನ ಆಡಳಿತಾಧಿಕಾರಿಯ ಹುದ್ದೆಯನ್ನು 1782ರಲ್ಲಿ ವಹಿಸಿಕೊಂಡರು. ರಾಜಧಾನಿಯ ಕಚೇರಿಗಿಂತ ಜೌಗು ನೆಲದ ಅಂಚಿನ ಈ ಊರಿನಲ್ಲಿ ರಾತ್ರಿಗಳು ಕತ್ತಲಾಗಿದ್ದವು, ಬಿಡುವೂ ದೊರೆಯುತ್ತಿತ್ತು. ಮುಂದಿನ 34 ವರ್ಷಗಳನ್ನು ಅವರು ಅಲ್ಲಿಯೇ ಕಳೆದರು.

ದೂರದರ್ಶಕಗಳ ಸಂಗ್ರಹ

1784ರಲ್ಲಿ ಶ್ರೋಟರ್ ಅವರು ಹರ್ಷೆಲ್ ಅವರ ಕೈಚಳಕದ 12 ಸೆಂ.ಮೀ. ವ್ಯಾಸದ ಪ್ರತಿಫಲಕ ದೂರದರ್ಶಕವನ್ನು ಪಡೆದರು. 1786ರಲ್ಲಿ 16.5 ಸೆಂ.ಮೀ. ವ್ಯಾಸದ, 7 ಅಡಿ ನಾಭಿದೂರದ ಮತ್ತೊಂದು ಹರ್ಷೆಲ್ ದೂರದರ್ಶಕವನ್ನು ಸುಮಾರು 600 ಥೇಲರ್ ನಾಣ್ಯಗಳಿಗೆ ಖರೀದಿಸಿದರು. ಈ ಮೊತ್ತ ಅವರ ಸುಮಾರು ಆರು ತಿಂಗಳ ಗಳಿಕೆಗೆ ಸಮನಾಗಿತ್ತು. ಅದರೊಂದಿಗೆ ಚಿಕ್ಕ ಅಂತರಗಳನ್ನು ಅಳೆಯುವ ತಿರುಪು ಮಾಪಕವನ್ನೂ ಕೊಂಡರು. ಇಂದು ಹವ್ಯಾಸಿಗಳ ಬಳಿ ಸಾಮಾನ್ಯವಾಗಿ ಇರುವ 10 ರಿಂದ 20 ಸೆಂ.ಮೀ. ವ್ಯಾಸದ ದೂರದರ್ಶಕಗಳು ಇದೇ ಗಾತ್ರದವು ಎಂಬುದು ಗಮನಾರ್ಹ. ಆದರೆ ಆ ಕಾಲದ ಕನ್ನಡಿಗಳನ್ನು ಗಾಜಿನಿಂದಲ್ಲದೆ ತಾಮ್ರ ಮತ್ತು ತವರದ ಮಿಶ್ರಲೋಹದಿಂದ ತಯಾರಿಸಲಾಗುತ್ತಿತ್ತು. ಅವು ಬೇಗನೆ ಮಾಸುತ್ತಿದ್ದುದರಿಂದ ಮತ್ತೆ ಮತ್ತೆ ಉಜ್ಜಿ ಹೊಳಪು ಕೊಡಬೇಕಾಗಿತ್ತು.

1792ರಲ್ಲಿ ಕೀಲ್ ನಗರದ ಪ್ರಾಧ್ಯಾಪಕ ಶ್ರಾಡರ್ ಅವರು ಲಿಲಿಯೆಂಟಾಲ್‌ಗೆ ಬಂದು ದೊಡ್ಡ ಕನ್ನಡಿಗಳ ತಯಾರಿಕೆಯಲ್ಲಿ ನೆರವಾದರು. ಶ್ರೋಟರ್ ಅವರ ತೋಟಗಾರ ಹಾರ್ಮ್ ಗೆಫ್ಕೆನ್ ಅವರೂ ಈ ಕೆಲಸವನ್ನು ಕಲಿತು ನುರಿತ ಕುಶಲಕರ್ಮಿಯಾದರು. ಈ ಪ್ರಯತ್ನಗಳ ಫಲವಾಗಿ 27 ಅಡಿ ಉದ್ದದ, ಸುಮಾರು 50 ಸೆಂ.ಮೀ. ವ್ಯಾಸದ ಬೃಹತ್ ದೂರದರ್ಶಕವು 1790ರ ದಶಕದಲ್ಲಿ ಸಿದ್ಧವಾಯಿತು. ಯೂರೋಪ್ ಖಂಡದ ಮುಖ್ಯ ಭೂಭಾಗದಲ್ಲಿ ಆಗ ಅದಕ್ಕಿಂತ ದೊಡ್ಡ ದೂರದರ್ಶಕ ಇರಲಿಲ್ಲ. 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಶ್ರೋಟರ್ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಚಂದ್ರ ವೀಕ್ಷಣೆಯ ವಿಧಾನ

ಶ್ರೋಟರ್ ಅವರು ಇಡೀ ಚಂದ್ರನ ನಕ್ಷೆಯನ್ನು ರಚಿಸಲು ಮುಂದಾಗಲಿಲ್ಲ. ಒಂದೊಂದು ಪ್ರದೇಶವನ್ನು ಆಯ್ದು, ಅದನ್ನು ವಿವಿಧ ಬೆಳಕಿನಲ್ಲಿ ಹಲವು ಬಾರಿ ವೀಕ್ಷಿಸಿ, ಪ್ರತಿ ಬಾರಿಯೂ ದಿನಾಂಕ ಸಹಿತ ಚಿತ್ರ ಮತ್ತು ವಿವರಣೆಯನ್ನು ದಾಖಲಿಸುವುದು ಅವರ ಕ್ರಮವಾಗಿತ್ತು. ಗ್ರಂಥದ ಶೀರ್ಷಿಕೆಯಲ್ಲಿ ಬಿಡಿ ಭಾಗಗಳು ಎಂಬ ಅರ್ಥದ ಪದ ಇರುವುದು ಇದೇ ಕಾರಣದಿಂದ.

ಈ ಕ್ರಮದ ಮಹತ್ವವನ್ನು ಒಂದು ಲೆಕ್ಕಾಚಾರದಿಂದ ತಿಳಿಯಬಹುದು. ಚಂದ್ರನ ಮೇಲಿನ ಒಂದು ಸ್ಥಳದಲ್ಲಿ ಸೂರ್ಯನು ಕ್ಷಿತಿಜದಿಂದ ಕೇವಲ 1 ಡಿಗ್ರಿ ಎತ್ತರದಲ್ಲಿರುವಾಗ, 100 ಮೀಟರ್ ಎತ್ತರದ ಒಂದು ಸಾಧಾರಣ ದಿಣ್ಣೆಯು 5 ಕಿ.ಮೀ.ಗಿಂತಲೂ ಉದ್ದವಾದ ನೆರಳನ್ನು ಚಾಚುತ್ತದೆ. ಭೂಮಿಯಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿರುವ ಆ ದಿಣ್ಣೆ ಚಿಕ್ಕ ದೂರದರ್ಶಕದಲ್ಲಿ ಕಾಣುವುದು ಈ ನೆರಳಿನಿಂದಲೇ. ಬೆಳಕು ಮತ್ತು ಕತ್ತಲೆಯ ಗಡಿರೇಖೆಯು ಚಂದ್ರನ ಸಮಭಾಜಕದಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಸರಿಯುತ್ತದೆ. ಸೂರ್ಯ ಮೇಲೇರಿದಂತೆ ನೆರಳು ಕುಗ್ಗಿ, ಮರುದಿನ ರಾತ್ರಿಯ ವೇಳೆಗೆ ಅದೇ ದಿಣ್ಣೆಯ ಗುರುತೂ ಸಿಗದಂತಾಗುತ್ತದೆ. ನೆರಳಿನ ಉದ್ದವನ್ನೂ ಗಡಿರೇಖೆಯಿಂದ ಅದಕ್ಕಿರುವ ಅಂತರವನ್ನೂ ಅಳೆದು ಪರ್ವತಗಳ ಎತ್ತರವನ್ನು ಲೆಕ್ಕಹಾಕುವ ವಿಧಾನವನ್ನು ಶ್ರೋಟರ್ ಅವರು ವ್ಯಾಪಕವಾಗಿ ಬಳಸಿದರು.

ಪ್ರಮುಖ ಶೋಧನೆಗಳು

1. ಕೊರಕಲುಗಳು: ಚಂದ್ರನ ಬಯಲುಗಳಲ್ಲಿ ಹರಿದಿರುವ ಉದ್ದನೆಯ ಕಿರಿದಾದ ಕೊರಕಲುಗಳನ್ನು ವಿವರವಾಗಿ ಅಧ್ಯಯನ ಮಾಡಿ, ಅವುಗಳಿಗೆ ರಿಲ್ ಎಂಬ ಜರ್ಮನ್ ಹೆಸರು ನೆಲೆಗೊಳ್ಳಲು ಕಾರಣರಾದರು. ಹೈಜಿನಸ್ ಕುಳಿಯ ಮೂಲಕ ಹಾದುಹೋಗುವ ಕೊರಕಲು ಅವರು ಗುರುತಿಸಿದವುಗಳಲ್ಲಿ ಪ್ರಸಿದ್ಧವಾದುದು.

2. ಶ್ರೋಟರ್ ಕಣಿವೆ: ಅರಿಸ್ಟಾರ್ಕಸ್ ಮತ್ತು ಹೆರೋಡೋಟಸ್ ಕುಳಿಗಳ ಸಮೀಪವಿರುವ ಈ ಅಂಕುಡೊಂಕಾದ ಕಣಿವೆ 150 ಕಿ.ಮೀ.ಗಿಂತ ಹೆಚ್ಚು ಉದ್ದವಿದ್ದು, ಅತ್ಯಂತ ಅಗಲವಾದ ಭಾಗದಲ್ಲಿ ಸುಮಾರು 10 ಕಿ.ಮೀ. ಇದೆ. ಅಗಲವಾಗಿ ಆರಂಭವಾಗಿ ಕಿರಿದಾಗುತ್ತ ಸಾಗುವ ಇದರ ತುದಿಯು ಹೆಡೆಯೆತ್ತಿದ ಸರ್ಪದಂತೆ ಕಾಣುವುದರಿಂದ ಅದನ್ನು ನಾಗರಹಾವಿನ ಹೆಡೆ ಎಂದೇ ವೀಕ್ಷಕರು ಕರೆಯುತ್ತಾರೆ.

3. ಶ್ರೋಟರ್ ನಿಯಮ: ಕುಳಿಯ ಸುತ್ತಲಿನ ದಂಡೆಯಲ್ಲಿ ಇರುವ ಮಣ್ಣು-ಕಲ್ಲಿನ ಗಾತ್ರವು ಕುಳಿಯ ಒಳಗಿನ ಖಾಲಿ ಜಾಗದ ಗಾತ್ರಕ್ಕೆ ಸರಿಸುಮಾರು ಸಮ ಎಂದು ಅವರು ಕಂಡುಕೊಂಡರು. ಒಳಗಿನ ವಸ್ತುವೇ ಹೊರಗೆ ಚಿಮ್ಮಿ ದಂಡೆಯಾಗಿದೆ ಎಂಬ ತಿಳಿವಳಿಕೆಗೆ ಇದು ದಾರಿ ಮಾಡಿಕೊಟ್ಟಿತು.

4. ಶುಕ್ರ ಗ್ರಹ: ಕೃಶವಾಗಿ ಕಾಣುವಾಗ ಶುಕ್ರನ ಕೋಡುಗಳು ಅರ್ಧ ವೃತ್ತವನ್ನು ಮೀರಿ ಚಾಚಿರುವುದನ್ನು ಗಮನಿಸಿ, ಆ ಗ್ರಹಕ್ಕೆ ವಾಯುಮಂಡಲವಿದೆ ಎಂದು ತರ್ಕಿಸಿದರು. ಶುಕ್ರನ ಅರ್ಧಬಿಂಬವು ಲೆಕ್ಕಾಚಾರದ ದಿನಕ್ಕೆ ಸರಿಯಾಗಿ ಕಾಣದೆ ಹಿಂದುಮುಂದಾಗುವುದನ್ನು ಅವರು 1793ರಲ್ಲಿ ಗುರುತಿಸಿದರು. ಇದನ್ನು ಶ್ರೋಟರ್ ಪರಿಣಾಮ ಎನ್ನಲಾಗುತ್ತದೆ.

ಲಿಲಿಯೆಂಟಾಲ್ ವೀಕ್ಷಣಾಲಯದ ಕೀರ್ತಿ

1800ರ ಸೆಪ್ಟೆಂಬರ್ 20ರಂದು ಆರು ಮಂದಿ ಆಸಕ್ತರು ಲಿಲಿಯೆಂಟಾಲ್‌ನಲ್ಲಿ ಸಭೆ ಸೇರಿ ಒಂದು ಖಗೋಳ ಸಂಘವನ್ನು ಸ್ಥಾಪಿಸಿದರು. ಶ್ರೋಟರ್ ಅವರು ಅಧ್ಯಕ್ಷರಾಗಿ, ಫ್ರಾಂಟ್ಸ್ ಫಾನ್ ಜಾಕ್ ಅವರು ಕಾರ್ಯದರ್ಶಿಯಾಗಿ ಆಯ್ಕೆಯಾದರು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಇರಬಹುದೆಂದು ಊಹಿಸಲಾಗಿದ್ದ ಗ್ರಹವನ್ನು ಹುಡುಕಲು ರಾಶಿಚಕ್ರವನ್ನು 24 ವಿಭಾಗಗಳಾಗಿ ಹಂಚಿಕೊಳ್ಳುವುದು ಸಂಘದ ಯೋಜನೆಯಾಗಿತ್ತು. ಸದಸ್ಯರಾದ ಓಲ್ಬರ್ಸ್ ಅವರು ಬ್ರೆಮೆನ್‌ನಿಂದ 1802ರಲ್ಲಿ ಪಲ್ಲಾಸ್ ಮತ್ತು 1807ರಲ್ಲಿ ವೆಸ್ಟಾ ಕ್ಷುದ್ರಗ್ರಹಗಳನ್ನು ಕಂಡುಹಿಡಿದರು. ಶ್ರೋಟರ್ ಅವರ ಮಗನಿಗೆ ಪಾಠ ಹೇಳಲು 1796ರಲ್ಲಿ ಬಂದು, ಬಳಿಕ ವೀಕ್ಷಣಾಲಯದ ಸಹಾಯಕರಾದ ಕಾರ್ಲ್ ಹಾರ್ಡಿಂಗ್ ಅವರು 1804ರ ಸೆಪ್ಟೆಂಬರ್ 1ರಂದು ಲಿಲಿಯೆಂಟಾಲ್‌ನಿಂದಲೇ ಜೂನೋ ಕ್ಷುದ್ರಗ್ರಹವನ್ನು ಪತ್ತೆಹಚ್ಚಿದರು.

ಹಾರ್ಡಿಂಗ್ ಅವರ ನಂತರ 1806ರಲ್ಲಿ ಸಹಾಯಕರಾಗಿ ಬಂದವರು ಫ್ರೆಡ್ರಿಕ್ ಬೆಸೆಲ್. ಬ್ರೆಮೆನ್‌ನ ವ್ಯಾಪಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಈ ಯುವಕ ಲಿಲಿಯೆಂಟಾಲ್‌ನಲ್ಲಿ ವೀಕ್ಷಣೆಯ ಕಲೆಯನ್ನು ಕಲಿತರು. ಮುಂದೆ 1838ರಲ್ಲಿ ನಕ್ಷತ್ರವೊಂದರ ದೂರವನ್ನು ಅಳೆದು ವಿಶ್ವವಿಖ್ಯಾತರಾದರು.

ಆರ್ಥಿಕ ಹೊರೆ ಹೆಚ್ಚಿದಾಗ 1799ರಲ್ಲಿ ಉಪಕರಣಗಳನ್ನು ದೊರೆ ಮೂರನೇ ಜಾರ್ಜ್ ಅವರಿಗೆ ಮಾರಾಟ ಮಾಡುವ ಒಪ್ಪಂದವಾಯಿತು. ಅದರಂತೆ ಶ್ರೋಟರ್ ಅವರ ಜೀವಿತಾವಧಿಯವರೆಗೆ ಉಪಕರಣಗಳು ಅವರ ಬಳಕೆಯಲ್ಲೇ ಇದ್ದು, ನಂತರ ಗೋಟಿಂಗೆನ್ ವಿಶ್ವವಿದ್ಯಾಲಯಕ್ಕೆ ಸೇರಬೇಕಾಗಿತ್ತು.

1813ರ ದುರಂತ

ನೆಪೋಲಿಯನ್ನನ ಯುದ್ಧಗಳು ಲಿಲಿಯೆಂಟಾಲ್‌ನ ನೆಮ್ಮದಿಯನ್ನು ಕೆಡಿಸಿದವು. 1810ರಲ್ಲಿ ಆ ಪ್ರದೇಶವನ್ನು ಫ್ರಾನ್ಸ್ ತನ್ನ ಆಡಳಿತಕ್ಕೆ ಸೇರಿಸಿಕೊಂಡಾಗ ಶ್ರೋಟರ್ ಅವರು ಹುದ್ದೆಯನ್ನೂ ವರಮಾನವನ್ನೂ ಕಳೆದುಕೊಂಡರು. 1813ರ ಏಪ್ರಿಲ್ ತಿಂಗಳಲ್ಲಿ ಫ್ರೆಂಚ್ ಸೈನಿಕರು ಊರಿಗೆ ಬೆಂಕಿ ಹಚ್ಚಿದರು. ಸರ್ಕಾರಿ ಕಚೇರಿ ಕಟ್ಟಡದೊಂದಿಗೆ ಶ್ರೋಟರ್ ಅವರ ಪುಸ್ತಕಗಳು, ಕಾಗದಪತ್ರಗಳು ಹಾಗೂ ಮಾರಾಟಕ್ಕಿದ್ದ ಅವರ ಗ್ರಂಥಗಳ ಪ್ರತಿಗಳು ಬೂದಿಯಾದವು. ವೀಕ್ಷಣಾಲಯವು ಬೆಂಕಿಯಿಂದ ಪಾರಾಯಿತಾದರೂ ಕೆಲವೇ ದಿನಗಳಲ್ಲಿ ಸೈನಿಕರು ಅದನ್ನು ಲೂಟಿ ಮಾಡಿ ಉಪಕರಣಗಳನ್ನು ಹಾಳುಗೆಡವಿದರು.

ಸುಮಾರು ಮೂರು ದಶಕಗಳ ರಾತ್ರಿಗಳ ದುಡಿಮೆ ಹೀಗೆ ಬಹುಪಾಲು ನಾಶವಾಯಿತು. ಚಂದ್ರನನ್ನು ಮತ್ತೊಮ್ಮೆ ನೋಡಬಹುದು. ಆದರೆ 1790ರ ಒಂದು ರಾತ್ರಿ ಕಂಡದ್ದರ ಟಿಪ್ಪಣಿಯನ್ನು ಮತ್ತೊಮ್ಮೆ ಬರೆಯಲಾಗದು. ಆ ವೇಳೆಗೆ ಶ್ರೋಟರ್ ಅವರಿಗೆ 67 ವರ್ಷ. ಫ್ರೆಂಚರು ಹಿಮ್ಮೆಟ್ಟಿದ ನಂತರ ಅವರಿಗೆ ಹುದ್ದೆ ಮರಳಿ ದೊರೆಯಿತು. ಅಳಿದುಳಿದ ಟಿಪ್ಪಣಿಗಳ ನೆರವಿನಿಂದ 1811ರ ಮಹಾ ಧೂಮಕೇತುವಿನ ಕುರಿತ ಕೃತಿಯನ್ನು 1815ರಲ್ಲಿ ಪ್ರಕಟಿಸಿದರು. ವೀಕ್ಷಣಾಲಯವನ್ನು ಮತ್ತೆ ಕಟ್ಟುವ ಶಕ್ತಿ ಮಾತ್ರ ಉಳಿದಿರಲಿಲ್ಲ. 1816ರ ಆಗಸ್ಟ್ 29ರಂದು, 71 ವರ್ಷ ತುಂಬಲು ಒಂದು ದಿನ ಬಾಕಿ ಇರುವಾಗ ಅವರು ನಿಧನರಾದರು.

ಮಂಗಳ ಗ್ರಹದ ಕುರಿತ ಅವರ ಹಸ್ತಪ್ರತಿಯೊಂದು ಉಳಿದುಬಂದಿತ್ತು. 1785ರಿಂದ 1803ರವರೆಗಿನ ಚಿತ್ರಗಳನ್ನು ಒಳಗೊಂಡ ಈ ಹಸ್ತಪ್ರತಿ ಅವರ ಮರಣಾನಂತರ 65 ವರ್ಷಗಳಿಗೆ, ಅಂದರೆ 1881ರಲ್ಲಿ, ಹಾಲೆಂಡಿನ ಲೈಡನ್‌ನಲ್ಲಿ ಪ್ರಕಟಗೊಂಡಿತು.

ವೀಕ್ಷಣೆಯ ದೋಷಗಳು

ಶ್ರೋಟರ್ ಅವರ ಎಲ್ಲ ನಿರ್ಣಯಗಳೂ ಸರಿಯಾಗಿರಲಿಲ್ಲ. ಬುಧ ಗ್ರಹವು ಸುಮಾರು 24 ಗಂಟೆಗಳಲ್ಲಿ ತನ್ನ ಸುತ್ತ ಸುತ್ತುತ್ತದೆ ಎಂದು ಅವರು ನಂಬಿದ್ದರು. 1965ರ ರೇಡಾರ್ ಅಳತೆಗಳ ನಂತರ ಅದು ಸುಮಾರು 59 ದಿನಗಳೆಂದು ತಿಳಿದುಬಂದಿತು. ಶುಕ್ರನಲ್ಲಿ ಅತಿ ಎತ್ತರದ ಪರ್ವತಗಳನ್ನು ಕಂಡಂತೆ ವರದಿ ಮಾಡಿದಾಗ ಹರ್ಷೆಲ್ ಅವರು 1793ರಲ್ಲಿ ಅದನ್ನು ಒಪ್ಪದೆ ಟೀಕಿಸಿದರು. ಚಂದ್ರನಲ್ಲಿ ಜೀವಿಗಳಿರಬಹುದೆಂದೂ ಅಲ್ಲಿನ ನೆಲದಲ್ಲಿ ಆಗಾಗ್ಗೆ ಬದಲಾವಣೆಗಳಾಗುತ್ತಿವೆ ಎಂದೂ ಶ್ರೋಟರ್ ಅವರು ಭಾವಿಸಿದ್ದರು. ಅವರು ಬದಲಾವಣೆ ಎಂದು ತಿಳಿದದ್ದು ಬೆಳಕಿನ ಕೋನದ ವ್ಯತ್ಯಾಸದಿಂದ ಉಂಟಾದ ತೋರಿಕೆಯಾಗಿತ್ತು. ಚಿತ್ರ ಬರೆಯುವ ಕೌಶಲ್ಯ ಅವರಿಗೆ ಅಷ್ಟಾಗಿ ಒಲಿದಿರಲಿಲ್ಲ ಎಂಬುದೂ ನಂತರದವರ ಅಭಿಪ್ರಾಯ.

ಮಸುಕಾದ ಲಕ್ಷಣಗಳ ವೀಕ್ಷಣೆಯಲ್ಲಿ ಈ ಅಪಾಯ ಸದಾ ಇದ್ದದ್ದೇ. 1822ರಲ್ಲಿ ಗ್ರುಯಿಥುಯಿಸೆನ್ ಎಂಬುವರು ಶ್ರೋಟರ್ ಕುಳಿಯ ಉತ್ತರಕ್ಕಿರುವ ಏಣುಗಳನ್ನು ನೋಡಿ ಅದು ಚಂದ್ರವಾಸಿಗಳ ನಗರವೆಂದು ತೀರ್ಮಾನಿಸಿದರು. 1866ರಲ್ಲಿ ಅಥೆನ್ಸ್‌ನ ಯೂಲಿಯಸ್ ಶ್ಮಿಟ್ ಅವರು ಲಿನ್ನೆ ಎಂಬ ಕುಳಿ ಮಾಯವಾಗಿ ಬಿಳಿ ಮಚ್ಚೆ ಮಾತ್ರ ಉಳಿದಿದೆ ಎಂದು ಪ್ರಕಟಿಸಿದಾಗ, ಶ್ರೋಟರ್ ಅವರ ಹಳೆಯ ಚಿತ್ರವನ್ನೂ ಸಾಕ್ಷ್ಯವಾಗಿ ಪರಿಶೀಲಿಸಲಾಯಿತು. ಲಿನ್ನೆಯು ಪ್ರಕಾಶಮಾನ ಧೂಳಿನಿಂದ ಸುತ್ತುವರಿದ, ಸುಮಾರು 2 ಕಿ.ಮೀ. ವ್ಯಾಸದ ಚಿಕ್ಕ ಕುಳಿ ಎಂಬುದು ಬಾಹ್ಯಾಕಾಶ ನೌಕೆಗಳ ಚಿತ್ರಗಳಿಂದ ಸ್ಪಷ್ಟವಾಗಿದೆ.

ದೊಡ್ಡ ದೂರದರ್ಶಕವೊಂದೇ ಇದಕ್ಕೆ ಪರಿಹಾರವಲ್ಲ ಎಂಬುದನ್ನು ಬರ್ಲಿನ್ನಿನ ಬ್ಯಾಂಕರ್ ವಿಲ್ಹೆಲ್ಮ್ ಬಿಯರ್ ಮತ್ತು ಯೋಹಾನ್ ಮೆಡ್ಲರ್ ಅವರು ತೋರಿಸಿಕೊಟ್ಟರು. ಅವರು ಕೇವಲ 9.5 ಸೆಂ.ಮೀ. ವ್ಯಾಸದ ಮಸೂರ ದೂರದರ್ಶಕದಿಂದ 1834ರಿಂದ 1836ರ ಅವಧಿಯಲ್ಲಿ ಪ್ರಕಟಿಸಿದ ಚಂದ್ರನ ನಕ್ಷೆಯು ನಿಖರತೆಯಲ್ಲಿ ದಶಕಗಳ ಕಾಲ ಮಾದರಿಯಾಗಿ ಉಳಿಯಿತು. ಹಾಗಿದ್ದರೂ ಶ್ರೋಟರ್ ಅವರು ದಿನಾಂಕ ಮತ್ತು ಸನ್ನಿವೇಶ ಸಹಿತ ಎಲ್ಲವನ್ನೂ ದಾಖಲಿಸಿದ್ದರಿಂದಲೇ ಅವರ ತಪ್ಪುಗಳನ್ನು ಗುರುತಿಸಿ ತಿದ್ದಲು ಮುಂದಿನವರಿಗೆ ಸಾಧ್ಯವಾಯಿತು.

ಇಂದಿನ ತಿಳಿವಳಿಕೆ

ಅಂಕುಡೊಂಕಾದ ಕೊರಕಲುಗಳು ಲಾವಾರಸ ಹರಿದ ಕಾಲುವೆಗಳು ಅಥವಾ ಮೇಲ್ಛಾವಣಿ ಕುಸಿದ ಲಾವಾ ಸುರಂಗಗಳು ಎಂಬುದು ವಿಜ್ಞಾನಿಗಳ ಅಭಿಪ್ರಾಯ. 1971ರಲ್ಲಿ ಅಪೋಲೋ 15ರ ಗಗನಯಾತ್ರಿಗಳು ಹ್ಯಾಡ್ಲಿ ಕೊರಕಲಿನ ಅಂಚಿಗೆ ಹೋಗಿ ಅದನ್ನು ಹತ್ತಿರದಿಂದ ಪರಿಶೀಲಿಸಿದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2008ರಲ್ಲಿ ಉಡಾಯಿಸಿದ ಚಂದ್ರಯಾನ-1 ನೌಕೆಯ ಚಿತ್ರಗಳಲ್ಲಿ ಕುಸಿಯದೆ ಉಳಿದಿರುವ ಲಾವಾ ಸುರಂಗವೊಂದನ್ನು ನಮ್ಮ ವಿಜ್ಞಾನಿಗಳು ಗುರುತಿಸಿದ್ದಾರೆ.

ಶ್ರೋಟರ್ ಅವರ ಸ್ಮರಣೆಗಾಗಿ ಚಂದ್ರನ ಒಂದು ಕುಳಿಗೆ, ಒಂದು ಕಣಿವೆಗೆ ಹಾಗೂ ಮಂಗಳ ಗ್ರಹದ ಒಂದು ಕುಳಿಗೆ ಅವರ ಹೆಸರನ್ನು ಇಡಲಾಗಿದೆ. ಲಿಲಿಯೆಂಟಾಲ್‌ನಲ್ಲಿ 27 ಅಡಿಯ ದೂರದರ್ಶಕದ ಪ್ರತಿಕೃತಿಯನ್ನು 2015ರಲ್ಲಿ ನಿರ್ಮಿಸಲಾಯಿತು.

ವೀಕ್ಷಿಸಲು ಇಚ್ಛಿಸುವವರಿಗೆ ಮಾಹಿತಿ

ಶ್ರೋಟರ್ ಅವರ ಆಸಕ್ತಿಯ ಲಕ್ಷಣಗಳನ್ನು 10 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ವ್ಯಾಸದ ದೂರದರ್ಶಕದಲ್ಲಿ ನಾಗರಿಕರು ಸ್ವತಃ ನೋಡಬಹುದಾಗಿದೆ. ಪಂಚಾಂಗದ ತಿಥಿಯು ಸೂರ್ಯ-ಚಂದ್ರರ ನಡುವಿನ ಕೋನವನ್ನೇ ಸೂಚಿಸುವುದರಿಂದ ಸೂಕ್ತ ರಾತ್ರಿಯನ್ನು ಆಯ್ಕೆಮಾಡಲು ಅದು ಅನುಕೂಲಕರವಾಗಿದೆ.

1. ಲಿನ್ನೆ ಕುಳಿ: ಶುಕ್ಲ ಪಕ್ಷದ ಸಪ್ತಮಿಯ ಸುಮಾರಿಗೆ.
2. ಹೈಜಿನಸ್ ಕೊರಕಲು: ಶುಕ್ಲ ಪಕ್ಷದ ಅಷ್ಟಮಿಯ ಸುಮಾರಿಗೆ.
3. ನೇರ ಗೋಡೆ ಎಂದು ಹೆಸರಾದ, ಸುಮಾರು 110 ಕಿ.ಮೀ. ಉದ್ದದ ಕಡಿದಾದ ಏಣು: ಶುಕ್ಲ ಪಕ್ಷದ ನವಮಿಯಂದು ಕಪ್ಪು ಗೆರೆಯಾಗಿಯೂ, ಕೃಷ್ಣ ಪಕ್ಷದ ಅಷ್ಟಮಿಯ ಸುಮಾರಿಗೆ ಬಿಳಿ ಗೆರೆಯಾಗಿಯೂ ಕಾಣುತ್ತದೆ.
4. ಹಾರ್ಟೆನ್ಸಿಯಸ್ ಕುಳಿಯ ಬಳಿಯ ಗುಮ್ಮಟಗಳು: ಶುಕ್ಲ ಪಕ್ಷದ ದಶಮಿ ಅಥವಾ ಏಕಾದಶಿ.
5. ಶ್ರೋಟರ್ ಕಣಿವೆ: ಶುಕ್ಲ ಪಕ್ಷದ ದ್ವಾದಶಿ ಅಥವಾ ತ್ರಯೋದಶಿ.

ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನಿಸುವುದು:

• ಹುಣ್ಣಿಮೆಯ ರಾತ್ರಿ ನೆರಳುಗಳು ಇರುವುದಿಲ್ಲವಾದ್ದರಿಂದ ಈ ಲಕ್ಷಣಗಳ ವೀಕ್ಷಣೆಗೆ ಅದು ಸೂಕ್ತವಲ್ಲ.
• ದೂರದರ್ಶಕವನ್ನು ಹೊರಗಿನ ಗಾಳಿಯ ಉಷ್ಣಾಂಶಕ್ಕೆ ಹೊಂದಿಕೊಳ್ಳುವಂತೆ ಕನಿಷ್ಠ ಅರ್ಧ ಗಂಟೆ ಮುಂಚಿತವಾಗಿ ಹೊರಗಿಡುವುದು.
• ದಿನಾಂಕ, ವೇಳೆ, ದೂರದರ್ಶಕದ ವ್ಯಾಸ ಮತ್ತು ಕಂಡ ಲಕ್ಷಣಗಳನ್ನು ಆ ಕ್ಷಣದಲ್ಲಿಯೇ ಬರೆದಿಡುವುದು. ಬರೆದದ್ದರ ಪ್ರತಿಯೊಂದನ್ನು ಬೇರೆ ಸ್ಥಳದಲ್ಲಿ ಕಾಯ್ದಿರಿಸುವುದು.
• ಹೊಸ ಲಕ್ಷಣ ಕಂಡಂತೆ ಅನಿಸಿದಲ್ಲಿ ಅದನ್ನು ಬದಲಾವಣೆ ಎಂದು ತೀರ್ಮಾನಿಸುವ ಮುನ್ನ ಅಂತಹುದೇ ಬೆಳಕಿನಲ್ಲಿ ಮತ್ತೊಮ್ಮೆ ನೋಡುವುದು. ಸರಿಸುಮಾರು ಅದೇ ಬೆಳಕು ರಾತ್ರಿಯ ಅದೇ ವೇಳೆಗೆ 59 ದಿನಗಳ ನಂತರ ಮರಳುತ್ತದೆ.
• ಯಾವುದೇ ಸಂದರ್ಭದಲ್ಲಿ ದೂರದರ್ಶಕದ ಮೂಲಕ ಸೂರ್ಯನನ್ನು ನೇರವಾಗಿ ನೋಡಬಾರದು. ಇದರಿಂದ ಶಾಶ್ವತ ಅಂಧತ್ವ ಉಂಟಾಗುತ್ತದೆ. ಮಕ್ಕಳು ಹಿರಿಯರ ಮೇಲ್ವಿಚಾರಣೆಯಲ್ಲಿಯೇ ದೂರದರ್ಶಕವನ್ನು ಬಳಸುವುದು.